ಹಿತ್ತಲ ಬಾಗಿಲಿಗೆ ಬರೆದ ಮಾತು

ಹತ್ತಿರ ಕೂತ್ಕೊಳ್ಳಿ, ಜೋರಾಗಿ ಹೇಳೋ ವಿಷಯ ಅಲ್ಲ. ಅವರಿವರ ಬಾಯಿಂದ ಕೇಳಿದ್ದೂ ಅಲ್ಲ. ನನ್ನ ಸೋದರತ್ತೆ ಮಗಳು ರೂಪಶ್ರೀಗೆ ಆದದ್ದು, ನಾನು ಪಕ್ಕದಲ್ಲೇ ಇದ್ದೆ. ನಂಬದವರು ಈಗಲೇ ಎದ್ದು ಹೋಗಿ ಮಲಗಬಹುದು, ನನಗೇನೂ ನಷ್ಟವಿಲ್ಲ.

ತೊಂಬತ್ತೆಂಟರ ಕಾರ್ತಿಕ. ನನ್ನ ಅತ್ತೆ ಮರುಳಸಿದ್ದಮ್ಮ ಮದುವೆಯಾದ ವರ್ಷವೇ ಇಂಗ್ಲೆಂಡ್ ಸೇರಿದವಳು. ಮಾವ ಅಲ್ಲಿ ಲೆಸ್ಟರ್ ಎಂಬ ಊರಿನ ಬನಿಯನ್ ಮಿಲ್ಲಿನಲ್ಲಿದ್ದರು. ರೂಪಶ್ರೀ ಹುಟ್ಟಿ ಬೆಳೆದದ್ದೂ ಅಲ್ಲೇ. ಆದರೆ ತಾಯಿಯಿಂದ ಕಲಿತ ಅವಳ ಕನ್ನಡ ನಮಗಿಂತ ಹಳೇದು, ನಗು ಬರೋದು. ಮಗಳಿಗೆ ಇಪ್ಪತ್ತೆರಡು ತುಂಬಿತು ಅಂತ ಅತ್ತೆ ಅವಳನ್ನು ಹರಿಹರಕ್ಕೆ, ನಮ್ಮ ಅಜ್ಜಿ ಗುರುಶಾಂತಮ್ಮನ ಮನೆಗೆ ಕರೆತಂದಿದ್ದಳು. ದಾವಣಗೆರೆ ವಿದ್ಯಾನಗರದ ಹುಡುಗ ಗೊತ್ತಾಗಿದ್ದ. ಮುಂದಿನ ಸೋಮವಾರವೇ ನಿಶ್ಚಿತಾರ್ಥ.

ಅವತ್ತು ದಾವಣಗೆರೆಗೆ ಸೀರೆ ತರಲು ಹೋಗಿದ್ದೆವು. ಅಂಗಡಿಗೆ ಆ ಹುಡುಗನೂ ಬಂದಿದ್ದ, ಕೆಂಪು ಸೀರೆ ತೆಗೆಸಿದ. ಇವಳು ಹಸಿರು ಸಾಕು ಅಂದಳು, ಅಷ್ಟೇ. ಅವನು ನಗುನಗುತ್ತಲೇ ಇವಳ ತೋಳು ಹಿಡಿದು ಹಿಂಡಿದ. ನಾಲ್ಕು ಬೆರಳು ಕೆಂಪಗೆ ಮೂಡಿದವು. ಅತ್ತೆ ನೋಡಿದಳು. ನೋಡಿ, ಮಗಳ ದುಪಟ್ಟ ಎಳೆದು ತೋಳು ಮುಚ್ಚಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಕೊನೇ ಬಸ್ಸಿಗೆ ಬಂದು ಹರಿಹರದಲ್ಲಿ ಇಳಿದೆವು. ಕರೆಂಟ್ ಇರಲಿಲ್ಲ. ನಮ್ಮ ಹಿತ್ತಲಿಗೆ ಹೊಂದಿಕೊಂಡ ಓಣಿಯಲ್ಲಿ ಒಂದು ಹಳೇ ಬಾವಿ. ಅತ್ತೆಯ ಅಕ್ಕ ಅಕ್ಕನಾಗಮ್ಮ ಕಾಲು ಜಾರಿ ಬಿದ್ದು ಸತ್ತ ಬಾವಿ. ನಮಗೆ ಹೇಳಿದ್ದು ಹಾಗೆ. ಆ ಬಾವಿಯ ಹಗ್ಗ ಬಿಚ್ಚಿ ಮೂವತ್ತು ವರ್ಷ ದಾಟಿತ್ತು. ಆದರೂ...

ಕಿರ್ರ್... ಕಿರ್ರ್...

ರಾಟೆ ತಿರುಗುತ್ತಿತ್ತು. ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ.

“ಯಾರವ್ವ ಅಲ್ಲಿ?” ರೂಪಶ್ರೀ ಪಿಸುಗುಟ್ಟಿದಳು.

“ಮಾತಾಡಬ್ಯಾಡ. ಹಿಂದಕ್ಕ ನೋಡಬ್ಯಾಡ. ನಡಿ.” ಅತ್ತೆ ಅವಳ ಕೈ ಹಿಡಿದು ಎಳೆದಳು.

ಊಟಕ್ಕೆ ಕೂತಾಗ ಕಂದೀಲಿನ ಬೆಳಕಲ್ಲಿ ಅಜ್ಜಿಗೆ ಆ ತೋಳು ಕಂಡಿತು. “ಗಂಡಸು ಅಂದಮ್ಯಾಲೆ ಒಂದೀಟು ಸಿಟ್ಟು ಇರ್ತೈತೆ. ಹೊಂದ್ಕೊಂಡು ಹೋಗ್ಬೇಕವ್ವ.”

“ನಾ ಒಲ್ಲೆ, ಅಜ್ಜಿ.”

“ಒಲ್ಲೆ ಅಂದ್ರ ಹೆಂಗೆ? ಮಾತು ಕೊಟ್ಟಾಗೈತೆ.”

ಅತ್ತೆ ಅನ್ನದಲ್ಲಿ ಬೆರಳಾಡಿಸುತ್ತ ಕೂತಿದ್ದಳು. ಆಗಲೇ ಹಿತ್ತಲ ಬಾಗಿಲಲ್ಲಿ ಸದ್ದಾಯಿತು. ಕಟ್ಟಿಗೆಯ ಮೇಲೆ ಗಾಜಿನ ಬಳೆ.

ಟಿಣ್... ಟಿಣ್... ಟಿಣ್.

ಆಮೇಲೆ ಉಗುರು, ಮೇಲಿಂದ ಕೆಳಗೆ. ಸರ್ರ್...

ನಾನೇ ಧೈರ್ಯ ಹೇಳಿದೆ. “ಹೆದರಬ್ಯಾಡ್ರಿ. ನಿನ್ನೇನೇ ಬಾಗಿಲಿಗೆ ಬರ್ದೀನಿ.” ಆ ದಿನಗಳಲ್ಲಿ ಊರ ತುಂಬ ಅದೇ ಸುದ್ದಿ. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಬರೆದದ್ದು ಓದಿಕೊಂಡು ವಾಪಸ್ ಹೋಗುತ್ತದೆ ಅಂತ. ಓಣಿಯ ಎಲ್ಲ ಬಾಗಿಲ ಮೇಲೂ ಸೀಮೆಸುಣ್ಣದ ಬರಹ. ಅಜ್ಜಿಗೆ ಓದಲು ಬರುತ್ತಿರಲಿಲ್ಲ.

“ಏನಂತ ಬರ್ದೀಯೇ?”

“ನಾಳೆ ಬಾ ಅಂತ.”

ಅಜ್ಜಿ ಹಾಗೇ ಗೋಡೆಗೆ ಒರಗಿಬಿಟ್ಟಳು. ಮಾತಾಡಿದ್ದು ಅತ್ತೆ, ತಗ್ಗಿದ ದನಿಯಲ್ಲಿ, ತಟ್ಟೆ ನೋಡುತ್ತ.

“ಅಕ್ಕ ಜಾರಿ ಬಿದ್ದಿದ್ದಲ್ಲ. ಗಂಡ ಹೊಡ್ದಿದ್ದ. ಸರೊತ್ತಿನಾಗ ಇದೇ ಬಾಗ್ಲಿಗೆ ಬಂದಿದ್ಲು. ನನಗಾಗ ಹನ್ನೆರಡು ವರ್ಷ, ಅಗಳಿ ಮ್ಯಾಲೆ ನನ್ನ ಕೈ ಇತ್ತು. ಅವ್ವ ನನ್ನ ಕೈ ಹಿಡ್ಕೊಂಡು ಒಳಗಿಂದಾನೇ ಅಂದ್ಲು... ‘ಮಂದಿ ನೋಡ್ತಾರ. ಈಗ ಹೋಗು. ಗಂಡನ್ನ ಕರ್ಕೊಂಡು ನಾಳೆ ಬಾ.’”

ಊರಿನ ದೆವ್ವಗಳನ್ನೆಲ್ಲ ಓಡಿಸುತ್ತಿದ್ದ ಮಾತು ಅಕ್ಕನಾಗಮ್ಮನನ್ನು ನಮ್ಮ ಮನೆಗೆ ಕರೆಸಿತ್ತು. ಬರೆದವಳು ನಾನು. ಆ ಸಂಕಟ ಇವತ್ತಿಗೂ ಹೋಗಿಲ್ಲ.

“ಅವ್ವಾ... ಬಾಗ್ಲ ತೆಗಿ...”

ಹೊರಗಿನ ದನಿ. ರೂಪಶ್ರೀ ಎದ್ದಳು.

“ತೆಗೀಬ್ಯಾಡ!” ಅಜ್ಜಿ ಚೀರಿದಳು.

ರೂಪಶ್ರೀ ತಿರುಗಿ ನಿಂತಳು. “ಆ ಹುಡುಗನ ಮನೆಯಿಂದ ನಾನೂ ಒಂದ್ ರಾತ್ರಿ ಹಿಂಗೇ ಬಂದ್ರೆ, ನನಗೂ ಇದೇ ಹೇಳ್ತೀಯ ಏನಜ್ಜಿ?”

ರೂಪಶ್ರೀ ಅಗಳಿ ಎಳೆದಳು, ಬಿಗಿದುಕೊಂಡಿತ್ತು. ಆಗ ಅತ್ತೆ ಎದ್ದು ಬಂದಳು. ಮಗಳ ಕೈ ಮೇಲೆ ತನ್ನ ಕೈ ಇಟ್ಟಳು. ಇಬ್ಬರೂ ಸೇರಿ ಎಳೆದರು.

ಕಟಕ್.

ಹೊರಗೆ ಯಾರೂ ಇಲ್ಲ... ಬರೀ ಪಾಚಿಯ ವಾಸನೆ. ರೂಪಶ್ರೀ ಬಾಗಿಲ ಮೇಲಿದ್ದ ನನ್ನ ಬರಹವನ್ನು ಅಂಗೈಯಿಂದ ಉಜ್ಜಿ ಅಳಿಸಿದಳು. “ಒಳಗ ಬಾ, ದೊಡ್ಡವ್ವ,” ಅಂದಳು.

ಅಜ್ಜಿ ಹೋ ಎಂದು ಅತ್ತಳು. “ತವರಿಗೆ ಬಂದ ಮಗಳನ್ನ ಬರೀ ಉಡೀಲೆ ಕಳಿಸಿಬಿಟ್ನಲ್ಲೇ...” ಅಳುತ್ತಲೇ ಮೊರ ತಂದಳು. ಐದು ಬೊಗಸೆ ಅಕ್ಕಿ, ಕಾಯಿ, ಎಲೆ ಅಡಿಕೆ, ನಿಶ್ಚಿತಾರ್ಥಕ್ಕೆ ಅಂತ ತಂದ ಕುಪ್ಪಸದ ಖಣ. ಮಗಳ ಉಡಿ ತುಂಬಲು ಏನೇನು ಬೇಕೋ ಅಷ್ಟನ್ನೂ ಇಟ್ಟು, ಮೊರವನ್ನು ಹೊಸ್ತಿಲ ಒಳಗಿಟ್ಟಳು. ಬಾಗಿಲು ಹಾಕಲಿಲ್ಲ.

“ಬೆಳಕು ಹರೀಲಿ,” ಅಂದಳು ಅತ್ತೆ, ಮಗಳ ತೋಳು ಸವರುತ್ತ. “ಎಸ್‌ಟಿಡಿ ಬೂತಿಗೆ ನಾನೇ ಹೋಗಿ ಈ ಸಂಬಂಧ ಒಲ್ಲೆ ಅಂತ ಹೇಳ್ತೀನಿ.” ಮರುದಿನ ಹೇಳಿದಳು ಕೂಡ. ಆ ಕಡೆಯವರ ಬೈಗಳು ಬೂತಿನ ಹೊರಗೆ ನಿಂತ ನನಗೂ ಕೇಳಿಸಿದವು.

ಆ ರಾತ್ರಿ ಕೋಳಿ ಕೂಗುವ ಹೊತ್ತಿಗೆ ನಮಗೆಲ್ಲ ಒಂದು ಜೊಂಪು ಹತ್ತಿತ್ತು. ಎದ್ದು ನೋಡಿದರೆ ಕಾಯಿ ಇಲ್ಲ, ಖಣ ಇಲ್ಲ, ಐದು ಬೊಗಸೆ ಅಕ್ಕಿ ಇಲ್ಲ. ಕಳ್ಳರು ಅಂತೀರಿ, ನಾಯಿ ಅಂತೀರಿ. ಅನ್ನಿ. ಆದರೆ ನಮ್ಮ ಕಡೆ ಉಡಿ ತುಂಬಿಸಿಕೊಂಡ ಹೆಣ್ಣುಮಗಳು, ತವರು ತಣ್ಣಗಿರಲಿ ಅಂತ ಅದರಲ್ಲೇ ಒಂದು ಹಿಡಿ ಅಕ್ಕಿ ಮನೆಗೆ ಬಿಟ್ಟು ಹೋಗುತ್ತಾಳೆ.

ಮೊರದ ಮೂಲೆಯಲ್ಲಿ ಒಂದು ಹಿಡಿ ಅಕ್ಕಿ ಇತ್ತು. ಮುಟ್ಟಿ ನೋಡಿದವಳು ನಾನೇ. ಒದ್ದೆಯಾಗಿತ್ತು.