ಶಟ್ಟೆವ್ವನ ಫೋಟೋಕ ಕಣ್ಣ ಬಂದದ್ದು

ನಡುವ ಎದ್ದು ಲೈಟ್ ಹಚ್ಚಂಗಿಲ್ಲ, ಮೊದಲ ಹೇಳೇನಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ದೊಡ್ಡವ್ವನ ಮಗ ಗೌತಮಗ ಆದದ್ದು. ಮುನವಳ್ಳಿ ಬಸ್‌ಸ್ಟ್ಯಾಂಡಿನ ಹಿಂದ ಫೋಟೋದ ಅಂಗಡಿ ಐತಲ್ಲ... ಅವನ.

ಆ ರಾತ್ರಿ ಅಂಗಡಿ ಶಟರ್ ಎಳದು, ಮಾರಿ ಗಂಟ ಹಾಕ್ಕೊಂಡು ಮನಿಗೆ ಹೊಂಟಿದ್ದ. ದಾರ್ಯಾಗ ಹಳೇ ಬಾವಿ. ಬಾವಿ ಮ್ಯಾಲ ಆಲದ ಗಿಡ. ಓಣಿ ದೀಪ ಹೋಗಿ ಯಾವ ಕಾಲಾಗಿತ್ತೋ ಏನೋ. ಅವನ ಚಪ್ಪಲಿ ಸಪ್ಪಳ ಒಂದ... ಪಟ್... ಪಟ್. ಬಾವಿ ಸನೇಕ ಬರೂದ್ರಾಗ ಹಿಂದ ಇನ್ನೊಂದು ಸಪ್ಪಳ. ಬರಿಗಾಲಿಂದು. ಮಣ್ಣಾಗ ಕಾಲ ಎಳಕೊಂಡು ನಡದಂಗ, ಸರ್ರ್... ಸರ್ರ್...

"ಮುಗೀತೇನೋ ತಮ್ಮಾ?"

ಮುದುಕಿ ದನಿ. ಪಿಸುಗುಟ್ಟಿದಂಗ. ಇಂವಾ ತಿರುಗಿ ನೋಡಲಿಲ್ಲ. ಸಂಜೀಲಿಂದ ಓಣಿ ಮಂದಿ ಅಂಗಡಿಗೆ ಇಣಕಿ ಇಣಕಿ ಅದನ್ನ ಕೇಳಿ ತಲಿ ತಿಂದಿದ್ರು. ಅವರಾಗ ಒಬ್ಬಾಕಿ ಅನ್ಕೊಂಡ. ಇಲ್ಲಬೇ, ಇನ್ನೂ ನಡದೈತಿ, ಅಂದ.

ಏನು ನಡದಿತ್ತು ಅದನ್ನ ಹೇಳಬೇಕು, ಇಲ್ಲಂದ್ರ ಮುಂದಿಂದು ತಿಳಿಯಂಗಿಲ್ಲ.

ನಮ್ಮ ಕಡೆ ಸತ್ತವರನ್ನ ಗ್ವಾಡಿಗೆ ಆನಿಸಿ ಕುಂದರಸ್ತಾರ. ಬದುಕಿದ್ದಾಗ ಚಲೋ ಫೋಟೋ ತಗಸದ ಹಳೇ ಮಂದಿಗೆ ಅದ ಕಡೀ ಫೋಟೋ. ಆಧಾರ್ ಕಾರ್ಡಿನ ಫೋಟೋದಾಗ ಹೆತ್ತ ಮಕ್ಕಳಿಗೇ ಗುರ್ತ ಹತ್ತಂಗಿಲ್ಲ ಬಿಡ್ರಿ. ಹಿಂಗಾಗಿ ಹೆಣದ ಫೋಟೋ ತಂದು, ಕಣ್ಣ ತೆರಿಸಿ ಕೊಡ್ರಿ ಅಂತಾರ. ಕಂಪ್ಯೂಟರದಾಗ ಬದುಕಿದ್ದವರ ಕಣ್ಣ ತಗದು ಸತ್ತವರಿಗೆ ಹಚ್ಚೂದು. ಫೋಟೋದವರು ಎಲ್ಲಾರೂ ಮಾಡೂ ಕೆಲಸನ. ಗೌತಮ ಎಲ್ಲಿ ತಪ್ಪಿದಾ ಅಂದ್ರ, ಯಾವ ಮುದುಕಿ ಸತ್ರೂ ತನ್ನ ಹಡದವ್ವನ ಕಣ್ಣ ಹಚ್ಚತಿದ್ದ. ಕೈಗೆ ಹತ್ತರ ಇದ್ದುವು, ತಂಪನ್ನ ಕಣ್ಣ, ಯಾವ ಮಾರಿಗೂ ಹೊಂದತಿದ್ದುವು. ನಮ್ಮ ದೊಡ್ಡವ್ವ ಕೃಷ್ಣವ್ವನ ಎಡಗಣ್ಣಾಗ ಒಂದು ಬಿಳಿ ಚುಕ್ಕಿ, ಸಣ್ಣಾಕಿದ್ದಾಗ ಜ್ವಾಳದ ಒಣ ಎಲಿ, ರವದಿ, ಬಡದದ್ದು. ಅದೊಂದನ್ನ ಅಳಿಸಿ ಹಚ್ಚತಿದ್ದ, ಅಷ್ಟ.

ಬರಬರತ ದೊಡ್ಡವ್ವಗ ಕಣ್ಣ ಮಸಕಾಗಾಕ ಹತ್ತಿದುವು. ಹುಬ್ಬಳ್ಳಿಗೆ ಕರಕೊಂಡು ಹೋದ್ರು. ಡಾಕ್ಟರ್ ಲೈಟ್ ಬಿಟ್ಟು ಬಿಟ್ಟು ನೋಡಿ, ಪೊರಿ ಸೈತ ಇಲ್ಲ, ಕಣ್ಣ ಗಟ್ಟಿ ಅದಾವು ಅಂದ್ರು. ಇದ್ದೆರಡು ಕಣ್ಣ ಊರಿಗೆಲ್ಲಾ ಹಂಚಿದ್ರ ನನಗೇನ ಉಳೀತೋ ಅಂತ ದೊಡ್ಡವ್ವ ಮಗನ್ನ ಕಾಡತಿದ್ಲು. ನಗಕೋತನ ಅಂತಿದ್ಲು. ಅವರ ಮನ್ಯಾಗ ಬುದ್ಧನ ಮೂರ್ತಿ ಒಂದು ಬಿಟ್ರ ದೇವ್ರೂ ಇಲ್ಲ, ದೆವ್ವೂ ಇಲ್ಲ. ಆದ್ರೂ ಗೌತಮ ಹಳೇ ಕಂಪ್ಯೂಟರಿನ ಡಿಸ್ಕ್ ತಗದು ಸುತ್ತಗಿಲೆ ಜಜ್ಜಿದ. ಹೊಸಾದು ತಂದ. ಇದರಾಗ ಅವ್ವನ ಫೋಟೋ ಒಂದೂ ಹಾಕಂಗಿಲ್ಲ, ಕಣ್ಣ ತೆರಸೂ ಕೆಲಸ ಇನ್ನ ಮುಟ್ಟಂಗಿಲ್ಲ, ಉಳದಷ್ಟು ಕಣ್ಣರ ಆಕಿಗೆ ಉಳೀಲಿ ಅಂತ ಹೆಂಡ್ತಿ ಸಂಘಮಿತ್ರಾನ ಮುಂದ ಆಣಿ ಮಾಡಿದ.

ಹೊಸ ಕಂಪ್ಯೂಟರ್ ಕುಂದರಿಸಿದ ದಿನಾನ ನವಿಲುತೀರ್ಥದ ಕಡಿಂದ ಕಾಡಪ್ಪ ಬಂದ. ಅವರವ್ವ ಶಟ್ಟೆವ್ವ ತೀರಿಕೊಂಡಿದ್ಲು. ಫೋಟೋ ಕೊಟ್ಟು, ಕಣ್ಣ ತೆರಿಸಿ ಕೊಡ್ರಿ ಅಂದ. ಗೌತಮ ಸಾಫ್ ಒಲ್ಲೆ ಅಂದ. ಕಣ್ಣ ಮುಚ್ಚಿದ್ದಂಗ ಇಟ್ಟು ಫೋಟೋಕ ಕಟ್ಟ ಹಾಕಿ ಕೊಡತೇನಿ, ಮುಂಜಾನೆ ಬರ್ರಿ ಅಂದ. ಕಾಡಪ್ಪ ಹೊಳ್ಳಿ ಹೋಗೂ ಮುಂದ ಬಾಗಲದಾಗ ನಿಂತ.

"ನಾ ಹೊಲದಾಗಿದ್ದೆರಿ. ಬರೂದ್ರಾಗ ಕಣ್ಣ ಮುಚ್ಚಿದ್ಲು. ಕಡೀಕ ನನ್ನ ಒಮ್ಮಿನೂ ನೋಡಲಿಲ್ಲ."

ಅಷ್ಟ ಅಂದು ಹೋದ.

ಇಂವಾ ಫೋಟೋದ ಪ್ರೋಗ್ರಾಮ್ ಹಾಕಾಕ ಕುಂತ. ಆಗವಲ್ದು. ಪರದೆ ಮ್ಯಾಲ ಒಂದ ಮಾತು... ಇನ್ನೊಂದು ಇನ್‌ಸ್ಟಾಲ್ ನಡದೈತಿ, ಅದು ಮುಗಿಯೂತನಕಾ ತಡೀರಿ. ಎಲ್ಲಿದು ಇನ್ನೊಂದು? ಈಗ ಡಬ್ಬಿ ಹರದು ತಗದ ಕಂಪ್ಯೂಟರ್! ಬಂದ್ ಮಾಡಿ ಚಾಲೂ ಮಾಡಿದ. ಅದ ಮಾತು. ಆ್ಯಂಟಿವೈರಸ್ ತಗದ, ನೆಟ್ಟಿನ ವೈರ್ ಕಿತ್ತ, ಬ್ಯಾರೆ ಪೆನ್‌ಡ್ರೈವಿಂದ ಹಾಕಿ ನೋಡಿದ. ಒಳಗ ಏನೇನ ನಡದೈತಿ ಅಂತ ತಗದು ನೋಡಿದ್ರ ಯಾವುದೂ ನಡದಿರಲಿಲ್ಲ. ಪ್ರಿಂಟರ್ ನಡಸೂ ಡ್ರೈವರ್ ಪ್ರೋಗ್ರಾಮರ ಹಾಕೂಣು ಅಂದ್ರ ಅದಕ್ಕೂ ಅದ ಉತ್ತರ. ಕಡೀಕ ಜೀವಕ್ಕ ಬ್ಯಾಸರಾಗಿ ಎಲ್ಲಾ ಅಳಿಸಿ, ಫಾರ್ಮ್ಯಾಟ್ ಹೊಡದು, ವಿಂಡೋಸ್ ಹೊಸದಾಗಿ ಹಾಕಿದ. ಪರದೆ ಹತ್ತಿತು. ಇನ್ನೊಂದು ನಡದೈತಿ, ತಡೀರಿ. ಈ ಸರ್ತಿ ಕೆಳಗ ಒಂದು ಹಸರ ಪಟ್ಟಿ, ಅರ್ಧಕ್ಕ ಬಂದು ನಿಂತಿತ್ತು.

ಊಟಕ್ಕ ಕರ್ಯಾಕ ಬಂದ ಸಂಘಮಿತ್ರಾ, ಆ ಸಪ್ಪಳ ಎಂಥಾದ್ರಿ ಅಂತ ಕೇಳಿದ್ಲು. ಅಲ್ಲೀತನಕಾ ಇಂವಾ ಲಕ್ಷ್ಯ ಕೊಟ್ಟಿರಲಿಲ್ಲ. ಕೌದಿ ಹೊಲಿಯೂ ಮುಂದ ದಪ್ಪ ಅರಿವ್ಯಾಗ ಸೂಜಿ ತೂರಿ ದಾರ ಎಳೀತಾರಲ್ಲ... ಟುಪ್... ಸರ್ರ್... ಟುಪ್... ಸರ್ರ್... ಹಂಗ. ಈಗಿನ ಹೊಸಾ ಡಿಸ್ಕಿನ್ಯಾಗ ತಿರಗೂದು ಏನೂ ಇರಂಗಿಲ್ಲ, ಸಪ್ಪಳ ಬರಾಕ ಕಾರಣಾನ ಇಲ್ಲ. ನೀ ನಡಿ, ಬರತೇನಿ ಅಂತ ಆಕಿನ್ನ ಕಳಿಸಿದ. ಮತ್ತ ಕುಂತ, ಮತ್ತ ಸೋತ. ಏನರ ಮಾಡ್ಕೊಂಡು ಸಾಯಲಿ ಅಂತ ಚಾಲೂ ಬಿಟ್ಟು ಶಟರ್ ಎಳದ.

ಈಗ ಬಾವಿ ಹತ್ರ ಬರ್ರಿ. ಇನ್ನೂ ನಡದೈತಿ ಅಂದ್ನಲ್ಲ... ಹಿಂದಿನ ಬರಿಗಾಲು ನಿಂತುವು. ಕಿವಿ ಹತ್ರ ಉಸರ ಬಿಟ್ಟಂಗಾತು.

"ಅವಸರಿಲ್ಲ ಬಿಡು... ಒಂದು ಕಣ್ಣ ಆತು."

ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಮನಿ ಕಟ್ಟಿ ಮ್ಯಾಲ ದೊಡ್ಡವ್ವ ಎದ್ದು ಕುಂತಿದ್ಲು. ಅಂಗೈಲೆ ಒಂದು ಕಣ್ಣ ಮುಚ್ಚಿ, ತಗದು, ಇನ್ನೊಂದು ಮುಚ್ಚಿ, ತಗದು ನೋಡಾಕ ಹತ್ತಿದ್ಲು. ಎಡಗಣ್ಣ ಪೂರಾ ಹೋತೋ ಗೌತ್ಯಾ, ಅಂದ್ಲು. ಒಳಗ ಮಲಗಿದ ಮೊಮ್ಮಗ ಎದ್ದೀತು ಅಂತ ಸಣ್ಣ ದನೀಲೆ ಅಂದ್ಲು. ಇಂವಾ ನಿಲ್ಲಲಿಲ್ಲ. ಹೊಳ್ಳಿ ಅಂಗಡಿಗೆ ಓಡಿದ. ಬಾವಿ ಹತ್ರ ಯಾರೂ ಇರಲಿಲ್ಲ.

ಶಟರ್ ಎತ್ತಿದ. ಹಸರ ಪಟ್ಟಿ ತುದಿಗೆ ಬಂದಿತ್ತು. ಪ್ಲಗ್ ಹಿಡದು ಕಿತ್ತ. ಫ್ಯಾನ್ ಗುಂಯ್ ಅಂತ ಸಣ್ಣಾಗಿ ನಿಂತಿತು. ಪರದೆ ಆರಲಿಲ್ಲ. ಟುಪ್... ಸರ್ರ್... ಟುಪ್... ಕಂಪ್ಯೂಟರಿನ ಮುಂದ ಮಣಕಾಲೂರಿ ಕುಂತು ಕೈ ಮುಗದ. ದೇವರ ಮುಂದ ಸೈತ ಕೈ ಮುಗದಾವಲ್ಲ ಅಂವಾ.

"ಯವ್ವಾ, ಒಂದು ಕಣ್ಣರ ಬಿಡು. ನಮ್ಮವ್ವಗ ಮೊಮ್ಮಗನ ಮಾರಿ ನೋಡೂದೈತಿ."

ಸಪ್ಪಳ ನಿಂತಿತು. ಬಿಟ್ಲು ಅನ್ಕೊಂಡ. ಕಣ್ಣಾಗ ನೀರ ಬಂದುವಂತ ಅವಗ.

ಟುಪ್.

ಪಟ್ಟಿ ತುಂಬಿತು. ಡ್ರೈವರ್ ಇಲ್ಲದ ಪ್ರಿಂಟರ್ ತಾನ ತಿರಗಾಕ ಹತ್ತಿತು, ಝುಂಯ್ಕ್... ಝುಂಯ್ಕ್... ಹೊರಗ ಬಂದ ಫೋಟೋದಾಗ ಶಟ್ಟೆವ್ವ ಗ್ವಾಡಿಗೆ ಆನಿ ಕುಂತಾಳ. ಗದ್ದಕ್ಕ ಕಟ್ಟಿದ ಅರಿವಿ ಹಂಗ ಐತಿ. ಕಣ್ಣ ಎರಡೂ ತೆರದಾವು. ಎಡಗಣ್ಣಾಗ ಬಿಳಿ ಚುಕ್ಕಿ.

ಹರೀಬೇಕು ಅಂತ ಎರಡೂ ಕೈಲೆ ಹಿಡದ. ಹರದ್ರ ಆ ಕಣ್ಣ ಎಲ್ಲಿ ಹೋಗಬೇಕು? ಬೆಳಕ ಹರಿಯೂತನಕಾ ಹಿಡಕೊಂಡ ಕುಂತಿದ್ದ. ಕಾಡಪ್ಪ ಬಂದು, ಫೋಟೋ ನೋಡಿ, ನನ್ನ ನೋಡಾಕ ಹತ್ತ್ಯಾಳ್ರಿ ನಮ್ಮವ್ವ ಅಂತ ಗೊಳೋ ಅಂತ ಅತ್ತ. ಎದಿಗೆ ಅವಚಿಕೊಂಡು ಒಯ್ದ. ಗೌತಮಗ ಕಸಗೋಳಾಕ ಕೈ ಬರಲಿಲ್ಲ. ಅಂದಿನಿಂದ ದೊಡ್ಡವ್ವಗ ಹಗಲೂ ಇಲ್ಲ, ರಾತ್ರೀನೂ ಇಲ್ಲ. ಎಷ್ಟ ದವಾಖಾನಿ ತಿರುಗಿದ್ರೂ ಒಂದ ಮಾತು, ಕಣ್ಣ ಗಟ್ಟಿ ಅದಾವು.

ಆಮ್ಯಾಲ ಒಂದಿನ ಉಣಕೋತ ಕುಂತಾಕಿ ತುತ್ತ ಕೈಯಾಗ ಹಿಡದು, ಕರಾ ಹಗ್ಗ ಹರಕೊಂಡು ಹಾಲ ಕುಡ್ಯಾಕತ್ತೈತಿ, ಯಾರೂ ನೋಡವಲ್ರಲ್ಲ ಅಂದ್ಲು. ಇವರ ಮನ್ಯಾಗ ಆಕಳಾನ ಇಲ್ಲ. ಸಂಘಮಿತ್ರಾ ಸಂಶೆ ಬಂದು ಕಾಡಪ್ಪಗ ಫೋನ್ ಹಚ್ಚಿದ್ಲು. ಹೌದಂತ. ಅವರ ಆಕಳ ಕರಾ, ಪಡಸಾಲ್ಯಾಗಿನ ಶಟ್ಟೆವ್ವನ ಫೋಟೋದ ಎದುರಿಗೇನ.

ಕಾಡಪ್ಪಗ ಎಲ್ಲಾ ತಿಳಿಸಿದ್ರು. ಪಾಪ, ಓಡಿ ಬಂದ. ಫೋಟೋ ತಗದು ಹೊಳ್ಳಿ ಕೊಡತೇನಿ, ಏನ ಮಾಡ್ತೀರಿ ಮಾಡ್ರಿ ಅಂದ. ದೊಡ್ಡವ್ವ ಅವನ ದನಿ ಬಂದ ಕಡೆ ಕೈ ಚಾಚಿದ್ಲು.

"ತಗೀಬ್ಯಾಡಪಾ. ಅಷ್ಟರ ಕಾಣ್ತೈತಿ."

ಇದು ಆಗಿದ್ದು ಖರೇ. ಗೌತಮ ಈಗ ಅಂಗಡ್ಯಾಗ ಬರೇ ಝೆರಾಕ್ಸ್ ಮಾಡ್ತಾನ, ಹೋಗಿ ನೋಡ್ರಿ ಬೇಕಾರ. ಮೊನ್ನೆ ಸಂಜೀಕ ನಾನೂ ಅವರ ಮನ್ಯಾಗ ಕುಂತಿದ್ದೆ. ಚಾ ಕುಡ್ಯಾಕತ್ತಿದ್ವಿ. ದೊಡ್ಡವ್ವ ಒಮ್ಮಿಗೇ, ಕರೆಂಟ್ ಹೋತು ನೋಡು ಅಂದ್ಲು. ನಮ್ಮ ತಲಿ ಮ್ಯಾಲ ಲೈಟ್ ಹತ್ತಿತ್ತು. ನವಿಲುತೀರ್ಥದ ಕಡೆ, ಕಾಡಪ್ಪನ ಮನ್ಯಾಗ ಹೋಗಿತ್ತಂತ.