ಬಚ್ಚಲ ಕಿಟಕಿಯ ಆರ್ಕಿಡ್

ಹಲೋ... ಯಾರು ಮಾತಾಡ್ತಿರೋದು?

...

ಓ, ಪ್ರೊಫೆಸರ್ ಸಾಹೇಬರು! ನಮ್ಮನೆಯವರು ತೀರಿಕೊಂಡ ವಾರ ಬಂದು ಹೋದವರು ಆಮೇಲೆ ಪತ್ತೇನೇ ಇರಲಿಲ್ಲ. ದನಿ ಗುರುತು ಸಿಗಲಿಲ್ಲ, ಸರ್.

...

ಹಾಂ. ನಿಮ್ಮ ಪ್ರಬಂಧ ಅಚ್ಚಾದ ಪತ್ರಿಕೆಯ ಸಂಪಾದಕರಿಗೆ ಬರೆದದ್ದು ನಾನೇ. ನಿಮ್ಮ ಹೊಸ ಆರ್ಕಿಡ್ ಹೊಸದೂ ಅಲ್ಲ, ಕಾಡಿನದೂ ಅಲ್ಲ ಅಂತ.

...

ಮಗಳೇ ಅನ್ನಬೇಡಿ. ನಿಮ್ಮ ಶಿಷ್ಯನ ಹೆಂಡತಿ ನಾನು. ದುಃಖದಲ್ಲಿ ತಲೆ ಕೆಟ್ಟಿಲ್ಲ. ನಾನೂ ನಿಮ್ಮ ಕ್ಲಾಸಲ್ಲೇ ಓದಿದವಳು ಅಲ್ವಾ? ಆರ್ಕಿಡ್‌ಗಳು ಯಾವುದು ಯಾವುದರ ಜೊತೆ ಬೇಕಾದ್ರೂ ಬೆರೀತವೆ, ಹೂವಿನ ತುಟಿ ನೋಡಿ ಮರುಳಾಗಿ ಹೆಸರಿಡಬೇಡಿ ಅಂತಿದ್ರಿ. ತುಟಿ ಅಂದ ಕೂಡಲೇ ಹಿಂದಿನ ಬೆಂಚು ನಗ್ತಿತ್ತು. ಎಲ್ಲರಿಗಿಂತ ಜೋರಾಗಿ ಇವರು.

...

ಸರಿ, ನೀವೇ ಹೇಳಿ. ಗಿಡ ಎಲ್ಲಿ ಸಿಕ್ತು?

...

ಹೊಳೆ ಪಕ್ಕದ ಮರದ ಮೇಲೆ. ಹಾಂ, ಪ್ರಬಂಧದಲ್ಲೂ ಹಾಗೇ ಇದೆ. ಸನ್ಮಾನದ ಭಾಷಣದಲ್ಲಿ ಜಿಗಣೆ ಕಚ್ಚಿದ ಕಥೆ ಬೇರೆ ಹೇಳಿದ್ರಂತೆ. ನಮ್ಮ ಬಚ್ಚಲಲ್ಲಿ ಜಿಗಣೆ ಇಲ್ಲ, ಸರ್.

...

ಬಚ್ಚಲು. ಅದರ ಕಿಟಕಿಯಲ್ಲಿ ಬೆಳೆದದ್ದು ಅದು. ಮದುವೆಯಾದ ಹೊಸತರಲ್ಲಿ, ಎರಡು ಬೇರೆ ಬೇರೆ ಜಾತಿಯ ಹೂಗಳಿಗೆ ಹಲ್ಲುಕಡ್ಡಿಯಲ್ಲಿ ಪರಾಗ ಮುಟ್ಟಿಸಿದವಳು ನಾನು. ಬಾಟಲಿಯಲ್ಲಿ ಬೀಜ ಮೊಳೆಸಿದ್ದು ಅವರು. ಹೂ ನೋಡೋಕೆ ಅವರು ಇರಲಿಲ್ಲ.

...

ನೀವು ನೋಡಿದ್ರಿ. ಸಮಾಧಾನ ಹೇಳೋಕೆ ಬಂದು, ಕೈ ತೊಳೀತೀನಿ ಅಂತ ಒಳಗೆ ಹೋದ್ರಿ. ಆಮೇಲೆ ನೋಡಿದ್ರೆ ಕುಂಡ ಮಾತ್ರ ಇತ್ತು. ನಿಮ್ಮ ಕೈಲಿದ್ದ ಮಡಚಿದ ಛತ್ರಿ ಉಬ್ಬಿತ್ತು ಸರ್. ಅಂಥ ಉರಿ ಬಿಸಿಲಲ್ಲೂ ಬಿಡಿಸದೆ ಹೋದ್ರಿ.

...

ಆಗಲೇ ಕೇಳಿದ್ರೆ ವಾಪಸ್ ಕೊಡ್ತಿದ್ರಿ, ಅಷ್ಟಕ್ಕೇ ಮುಗೀತಿತ್ತು. ಹಿಂದೆ ಅವರು ಕಾಡು ಅಲೆದು ತಂದ ಗಿಡಗಳಿಗೆಲ್ಲ ನಿಮ್ಮ ಹೆಸರೇ ಮುಂದೆ ಬಂತು. ಆಗ ಇಬ್ಬರೂ ಸುಮ್ಮನಿದ್ವಿ. ಈ ಸಲವೂ ಸುಮ್ಮನಿದ್ದೆ. ಅಚ್ಚಾಗಲಿ, ಹಾರ ಬೀಳಲಿ ಅಂತ.

...

ಸಾಕ್ಷಿನಾ? ಅದರ ಅಪ್ಪ ಅಮ್ಮ ಇಬ್ಬರೂ ಕಿಟಕಿಯಲ್ಲೇ ಇದ್ದಾರೆ. ಅದೇ ಕಾಯಿಯಲ್ಲಿ ಹುಟ್ಟಿದ ಒಡಹುಟ್ಟುಗಳೂ ಹೂ ಬಿಟ್ಟಿವೆ. ಸಂಗ್ರಹಾಲಯದಲ್ಲಿ ನೀವಿಟ್ಟ ಒಣಗಿದ ಗಿಡದಿಂದ ಒಂದು ಚೂರು ಎಲೆ ಕಿತ್ತು ಡಿಎನ್‌ಎ ಪರೀಕ್ಷೆ ಮಾಡಲಿ.

...

ಯಾರೂ ಇಲ್ಲ ಅತ್ತೆ, ರಾಂಗ್ ನಂಬರ್... ಹಾಂ, ಹೇಳಿ ಸರ್.

...

ಗೊತ್ತು. ಆ ಗಿಡಕ್ಕೆ ಅವರ ಹೆಸರಿಟ್ಟಿದ್ದೀರಿ, ಶ್ರದ್ಧಾಂಜಲಿ ಅಂತ. ಪತ್ರಿಕೆಯ ಆ ಪುಟಕ್ಕೆ ನಮ್ಮತ್ತೆ ಕಟ್ಟು ಹಾಕಿಸಿ ಮಗನ ಫೋಟೋ ಪಕ್ಕ ನೇತು ಹಾಕಿದ್ದಾರೆ. ದಿನಾ ಸೆರಗಲ್ಲಿ ಒರೆಸ್ತಾರೆ.

...

ಹೋಗುತ್ತೆ. ಗಿಡ ಸುಳ್ಳು ಅಂತಾದ್ರೆ ಹೆಸರೂ ಹೋಗುತ್ತೆ. ಹೋಗಲಿ. ಕದ್ದವರು ಕೊಟ್ಟ ಹೆಸರಲ್ಲಿ ಅವರು ಉಳಿಯೋದು ಬೇಡ. ಗೋಡೆಯಿಂದ ಅದನ್ನ ನಾನೇ ಇಳಿಸ್ತೀನಿ. ಅತ್ತೆಗೂ ನಾನೇ ಹೇಳ್ತೀನಿ.

...

ಹೇಗೆ ಹೇಳ್ತೀನಿ ಅನ್ನೋದು ನನಗೆ ಬಿಡಿ.

...

ಇಲ್ಲ, ಗಿಡ ಅನಾಥ ಆಗಲ್ಲ. ಬೆರಕೆ ಮಾಡಿದವರೇ ಬೆರಕೆಗೆ ಹೆಸರಿಡೋದು ಅಲ್ವಾ? ಇಟ್ಟೆ.

...

ಅವರದ್ದಲ್ಲ ಸರ್. ನಿಮ್ಮದು.

...

ತಮಾಷೆ ಅಲ್ಲ. ಸಸಿಗಳನ್ನ ಹಂಚ್ತಾ ಇದ್ದೀನಿ, ನಿಮ್ಮ ಹೆಸರಿನ ಚೀಟಿ ಕಟ್ಟಿ. ನಿಮ್ಮ ಹಳೇ ವಿದ್ಯಾರ್ಥಿಗಳಿಗೆ, ತೋಟಗಾರರಿಗೆ. ಈ ಹೆಸರು ಯಾಕೆ ಬಂತು ಅಂತ ಎಲ್ಲರೂ ಕೇಳ್ತಾರೆ. ಕೂತು ಹೇಳ್ತೀನಿ. ಕೇಳಿದವರು ಇನ್ನೊಬ್ಬರಿಗೆ ಹೇಳ್ತಾರೆ. ಗಿಡ ಗಟ್ಟಿ ಸರ್, ಬೇಗ ಸಾಯಲ್ಲ.

...

ಕೂಗಬೇಡಿ. ಫೋನ್ ಮಾಡಿದ್ದು ಒಳ್ಳೇದೇ ಆಯ್ತು, ನಾನೂ ಒಂದು ಕೇಳಬೇಕಿತ್ತು. ಚೀಟಿಯಲ್ಲಿ ಹೆಸರಿನ ಮುಂದೆ ಡಾಕ್ಟರ್ ಅಂತ ಸೇರಿಸಲಾ, ಇಲ್ಲಾ ಬರೀ... ಸರ್?

...

ಹಲೋ?