ಒಣ ಪಟ್ಟಿಗೂ ಪೂರ್ಣ ಅಂಕ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರೂ ನಮ್ಮ ಸುಗಂಧತೈಲ ಕಾರ್ಖಾನೆಯ ಧಣಿಗಳೂ ಆದ ಮಂಜಯ್ಯ ಶೆಟ್ಟರೇ, ಲ್ಯಾವೆಂಡರ್ ಎಣ್ಣೆ ಕೊಳ್ಳಲೆಂದು ಮುಂಬೈಯಿಂದ ಬ್ರಹ್ಮಾವರಕ್ಕೆ ಬಂದು, ಹೇಗೂ ಬಂದಿದ್ದಾರಲ್ಲ ಎಂದು ಮುಖ್ಯ ಅತಿಥಿಯಾಗಿಬಿಟ್ಟ ಶೇಖರ ಅವರೇ, ಊಟದ ಪರಿಮಳ ಬಂದಮೇಲೂ ಎದ್ದು ಹೋಗದ ಸಭಿಕರೇ,

ನನ್ನಂಥ ಗುಣಮಟ್ಟ ಪರೀಕ್ಷಕನೆಂದರೆ ಯಾರು? ಕಂಡಲ್ಲೆಲ್ಲ ಮೂಗು ತೂರಿಸುವುದಕ್ಕೆ ಸಂಬಳ ಪಡೆಯುವವನು. ಕೋಟದ ನಮ್ಮ ಅಪ್ಪಯ್ಯ ದೇವರಿಗೆ ಧೂಪ ತೋರಿಸುತ್ತಿದ್ದರು. ನಾನು ಕೆಮಿಸ್ಟ್ರಿ ಓದಿ ಧೂಪವನ್ನೇ ಯಂತ್ರಕ್ಕೆ ತೋರಿಸಿದೆ.

ಲ್ಯಾವೆಂಡರ್ ಪರಿಮಳವೊಂದು ಕೂಡುಕುಟುಂಬ. ಯಜಮಾನಿಕೆ ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್ ಎಂಬಿಬ್ಬರದು. ಕರ್ಪೂರದ ಅಂಶ ಮನೆ ಅಳಿಯನ ಹಾಗೆ. ಅಷ್ಟಿಷ್ಟು ಇದ್ದರೆ ಚಂದ, ಮೇಲೆದ್ದರೆ ಮರ್ಯಾದೆ ಹೋಯಿತು. ಯಾರು ಎಷ್ಟಿದ್ದಾರೆಂದು ಯಂತ್ರ ಬಿಡಿಸಿ ಹೇಳುತ್ತದೆ. ಈ ಸಲದ ಎಣ್ಣೆಯಲ್ಲಿ ಎಲ್ಲರೂ ಎಷ್ಟಿರಬೇಕೋ ಅಷ್ಟೇ ಇದ್ದರು. ನಾನು ಕಾಲೇಜಿನಲ್ಲಿ ಪಾಠ ಮಾಡಿದವನು. ಅಷ್ಟು ಚಂದದ ಉತ್ತರಪತ್ರಿಕೆ ಕಂಡರೆ ಪಕ್ಕದ ಬೆಂಚಿನತ್ತ ನೋಡುವುದು ಅಭ್ಯಾಸ.

ಬೇರೊಂದು ಯಂತ್ರದಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಿದೆ. ಲಿನಲೂಲಿಗೆ ಎಡಗೈ ಬಲಗೈಗಳಂತೆ ಎರಡು ರೂಪ. ಲ್ಯಾವೆಂಡರ್ ಗಿಡ ಹೆಚ್ಚುಕಡಿಮೆ ಒಂದನ್ನೇ ಮಾಡುತ್ತದೆ. ರಾಸಾಯನಿಕವಾಗಿ ತಯಾರಿಸಿದ್ದರಲ್ಲಿ ಎರಡೂ ಸಮಸಮ. ನಮ್ಮ ಎಣ್ಣೆಯಲ್ಲಿ? ಹತ್ತಿರಹತ್ತಿರ ಸಮ. ಗಿಡದ ಕೈ ಸ್ವಲ್ಪ, ಮನುಷ್ಯರ ಕೈವಾಡ ಬಹಳ.

"ಹ್ವಾಯ್, ಮೊದ್ಲಿನ ಮಿಷನ್ ಪಾಸ್ ಮಾಡಿತ್ತಲೆ, ನಿಮ್ದೆಂತ ಮಾರ್ರೆ?" ಎಂದರು ಶೆಟ್ಟರು. ಮಿಷನ್ನುಗಳ ಜಗಳಕ್ಕೆ ಮೂಗುಗಳೇ ತೀರ್ಪು ಕೊಡಲೆಂದು ಒಂದು ಸಮಿತಿ ಮಾಡಿದರು. ಅವರ ಅಕ್ಕ ರಾಜೀವಮ್ಮ, ಅಳಿಯ ಸುಶಾಂತ್, ಇನ್ನೂ ಕೆಲವು ನೆಂಟರು. ಗಂಧಕ್ಕಿಂತ ಸಂಬಂಧ ಜಾಸ್ತಿ. ಶುಭಕಾರ್ಯವೆಂದು ಬೆಳಿಗ್ಗೆ ಅದೇ ಕೋಣೆಯಲ್ಲಿ ಗಣಹೋಮ. ಹೆಂಗಸರಿಗೆಲ್ಲ ಮಲ್ಲಿಗೆ. ಮೂಲೆಗೊಂದು ಊದುಬತ್ತಿ. ಆ ಹೊಗೆಯಲ್ಲಿ ಲ್ಯಾವೆಂಡರ್ ಇರಲಿ, ಎದುರು ಕುಳಿತವರೇ ಸರಿಯಾಗಿ ಕಾಣುತ್ತಿರಲಿಲ್ಲ.

ನಾನು ಮೂರು ಕಾಗದದ ಪಟ್ಟಿ ಇಟ್ಟೆ. ಒಂದಕ್ಕೆ ಅಪ್ಪಟ ಎಣ್ಣೆ, ಒಂದಕ್ಕೆ ನಮ್ಮದು. ಮೂರನೆಯದಕ್ಕೆ ಏನೂ ಹಚ್ಚಿರಲಿಲ್ಲ. ಹಿರಿಯರೆಂದು ಶೆಟ್ಟರೇ ಮೊದಲು ಮೂಸಿ, ಮೂರನೆಯದಕ್ಕೆ "ಫಸ್ಟ್ ಕ್ಲಾಸ್" ಎಂದರು. ಧಣಿಗಳ ಮೂಗನ್ನು ಮೀರುವ ಮೂಗು ಆ ಮನೆತನದಲ್ಲಿ ಹುಟ್ಟಿದೆಯೇ? ಒಣ ಪಟ್ಟಿಗೆ ಎಲ್ಲರಿಂದಲೂ ಪೂರ್ಣ ಅಂಕ. ರಾಜೀವಮ್ಮನವರಂತೂ, "ಇದ್ ಭಾರೀ ತಂಪ್ ಮಾರ್ರೆ, ನನ್ ತಲಿನೋವೇ ಹೋಯ್ತ್" ಎಂದರು. ನಾನು ವಿಷಯ ಹೇಳಿದೆ. ಅವರ ತಲೆನೋವು ವಾಪಸ್ ಬಂತು.

ಮಾರನೆಯ ದಿನವೇ, ನನಗೆ ವಿಶ್ರಾಂತಿ ಬೇಕೆಂದು ಶೆಟ್ಟರಿಗೆ ಅನ್ನಿಸಿತು. ನನ್ನ ಆರೋಗ್ಯದ ಬಗ್ಗೆ ನನಗೇ ಇಷ್ಟು ಕಾಳಜಿ ಇರಲಿಲ್ಲ.

ಅಲ್ಲಿ ಮೂರನೇ ಸಾಲಿನಲ್ಲಿ ಕುಳಿತಿರುವವಳು ನನ್ನ ಹೆಂಡತಿ ಪದ್ಮಾಕ್ಷಿ. ಇವತ್ತು ತಲೆ ತುಂಬ ಮಲ್ಲಿಗೆ ಮುಡಿದಿದ್ದಾಳೆ. ನನ್ನ ಮೂಗು ಕೆಡಬಾರದೆಂದು ಮದುವೆಯಾದ ಮೇಲೆ ಮನೆಯೊಳಗೆ ಅವಳು ಹೂ ಮುಡಿದದ್ದಿಲ್ಲ. ಮದುವೆಮನೆಗಳಿಂದ ಬರುವಾಗ ಗೇಟಿನ ಹತ್ತಿರವೇ ತೆಗೆದು ಬೇಲಿಗೆ ಸಿಕ್ಕಿಸುತ್ತಿದ್ದಳು. ನಾನು ಬೇಡವೆಂದೇನೂ ಹೇಳಿರಲಿಲ್ಲ. ಬೇಕೆಂದೂ ಹೇಳಿರಲಿಲ್ಲ, ಬಿಡಿ. ಕೆಲಸ ಹೋದ ಸುದ್ದಿ ತಿಳಿಸಿದಾಗ ಅವಳು ಹೇಳಿದ್ದಿಷ್ಟೇ: "ಇನ್ ನಾನ್ ಹೂ ಮುಡ್ಕಂಬ್ದೆ."

ಕ್ಷಮಿಸಿ, ವಿಷಯಕ್ಕೆ ಬರುತ್ತೇನೆ. ನಮ್ಮ ಪ್ರತಿ ಬಾಟಲಿಯ ಮೇಲೆ 'ಗುರುಪ್ರಸಾದರು ಪರೀಕ್ಷಿಸಿ ಒಪ್ಪಿದ್ದು' ಎಂದು ಅಚ್ಚಾಗುತ್ತದೆ. ಈ ಹೊಸ ಎಣ್ಣೆಯ ಬಾಟಲಿಗಳ ಮೇಲೂ ಆಗಿದೆ; ಈಗಷ್ಟೇ ನೆನಪಿನ ಕಾಣಿಕೆಯಾಗಿ ಒಂದನ್ನು ನನ್ನ ಕೈಗೇ ಕೊಟ್ಟಿದ್ದಾರೆ. ಶೇಖರ ಅವರೇ, ಆ ಗುರುಪ್ರಸಾದ ನಾನು. ನಾನು ಇದನ್ನು ಒಪ್ಪಿಲ್ಲ. ಶಾಲು, ಹಣ್ಣಿನ ಬುಟ್ಟಿ ಪ್ರೀತಿಯಿಂದ ಸ್ವೀಕರಿಸಿದ್ದೇನೆ. ಹೆಸರನ್ನು ಮಾತ್ರ ವಾಪಸ್ ತೆಗೆದುಕೊಂಡು ಹೋಗುತ್ತಿದ್ದೇನೆ.

ಶೆಟ್ಟರೇ, ಮೈಕಿನವನಿಗೆ ಸನ್ನೆ ಮಾಡುವ ಶ್ರಮ ಬೇಡ, ಮುಗಿಯಿತು. ಇಷ್ಟು ಹೊತ್ತು ಕಿವಿ ಕೊಟ್ಟ ನಿಮಗೆಲ್ಲ ಧನ್ಯವಾದ. ನಮಸ್ಕಾರ.